ಸ್ವರಬಲವನ್ನು ಅಳೆದವರು ಯಾರು?
ರಂಧ್ರಗಳಿರುವ ಕಾಗದದ ಸುರುಳಿಯ ನೆರವಿನಿಂದ, ವಾದಕರು ಹಿಂದೆ ನುಡಿಸಿದ್ದನ್ನು ತಾವಾಗಿಯೇ ಮತ್ತೆ ನುಡಿಸುವ ಪಿಯಾನೋಗಳಿದ್ದವು. ವಾದಕರ ಬೆರಳಿನ ಒತ್ತಡವನ್ನು ಯಂತ್ರವೇ ನೇರವಾಗಿ ಈ ಸುರುಳಿಗೆ ಇಳಿಸುತ್ತಿತ್ತು ಎಂದು ಅವುಗಳ ಕುರಿತ ಲೇಖನವೊಂದು ಹೇಳುತ್ತದೆ, ಆದರೆ ಆ ಮಾತು ಅವನ್ನು ತಯಾರಿಸಿದ ಎಲ್ಲ ಕಂಪನಿಗಳಿಗೂ ಅನ್ವಯಿಸುವುದಿಲ್ಲ. ಯಾವ ಕೀಲಿ ಯಾವ ಕ್ಷಣದಲ್ಲಿ ಒತ್ತಲ್ಪಟ್ಟಿತು ಎಂಬುದನ್ನು ವಿದ್ಯುತ್ ಸಂಪರ್ಕದಿಂದ ಗುರುತಿಸುವುದು ಸುಲಭವಾಗಿತ್ತು. ಕಷ್ಟವಿದ್ದದ್ದು ಸ್ವರದ ಬಲವನ್ನು, ಅಂದರೆ ಅದು ಎಷ್ಟು ಜೋರಾಗಿ ನುಡಿಯಿತು ಎಂಬುದನ್ನು ಹಿಡಿಯುವುದರಲ್ಲಿ. ನ್ಯೂಯಾರ್ಕಿನ ಏಯೋಲಿಯನ್ ಕಂಪನಿಯ ಡ್ಯುಯೋ-ಆರ್ಟ್ ವ್ಯವಸ್ಥೆಯಲ್ಲಿ, ಪೋಲೆಂಡಿನ ಪಿಯಾನೋ ವಾದಕ ಪಡೆರೆವ್‌ಸ್ಕಿಯಂತಹ ಕಲಾವಿದರು ನುಡಿಸುತ್ತಿರುವಾಗಲೇ ಪಕ್ಕದಲ್ಲಿ ಕುಳಿತ ಸಂಪಾದಕರೊಬ್ಬರು ಕಿವಿಗೊಟ್ಟು ಕೇಳುತ್ತಾ, ನಿಯಂತ್ರಣದ ಗುಂಡಿಗಳನ್ನು ತಿರುಗಿಸಿ ಬಲದ ಏರಿಳಿತವನ್ನು ದಾಖಲಿಸುತ್ತಿದ್ದರು, ಬಳಿಕ ಅದನ್ನು ತಿದ್ದುತ್ತಿದ್ದರು. ಸುರುಳಿಯ ಅಂಚಿನಲ್ಲಿ 1, 2, 4, 8 ಎಂಬ ಬೆಲೆಯ ನಾಲ್ಕು ರಂಧ್ರಗಳು ಬೇರೆಬೇರೆಯಾಗಿ ಕೂಡಿಕೊಂಡು 16 ಹಂತಗಳ ಬಲವನ್ನು ಕೊಡುತ್ತಿದ್ದವು. ಮುಖ್ಯ ರಾಗಕ್ಕೆ ಒಂದು, ಪಕ್ಕವಾದ್ಯದ ಭಾಗಕ್ಕೆ ಇನ್ನೊಂದು ಎಂದು ಇಂತಹ ಎರಡು ಗುಂಪುಗಳಿದ್ದವು. ಎಂತಹ ಜಾಣ್ಮೆಯ ಏರ್ಪಾಡು!

ನಿಜವಾದ ಅಳತೆ ಬಂದದ್ದು 1920ರ ದಶಕದಲ್ಲಿ, ಇಂತಹದೇ ಪಿಯಾನೋಗಳ ಇನ್ನೊಂದು ಸಂಸ್ಥೆಯಾದ ಆಂಪಿಕೊಗಾಗಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ರೂಪಿಸಿದ ಉಪಕರಣದಿಂದ. ತಂತಿಗೆ ಬಡಿಯುವ ಮುನ್ನ ಸುತ್ತಿಗೆಯು ಎರಡು ಬಿಂದುಗಳನ್ನು ದಾಟುವಾಗ ಚಲಿಸುವ ಕಾಗದದ ಮೇಲೆ ವಿದ್ಯುತ್ ಕಿಡಿಯ ಗುರುತುಗಳು ಬೀಳುತ್ತಿದ್ದವು, ಅವುಗಳ ನಡುವಿನ ಅಂತರದಿಂದ ಸುತ್ತಿಗೆಯ ವೇಗವೂ ಅದರಿಂದ ಸ್ವರದ ಬಲವೂ ತಿಳಿಯುತ್ತಿತ್ತು. ಆದರೂ ಆ ಅಳತೆಗಳನ್ನು ಸುರುಳಿಯ ಸಂಕೇತಗಳಾಗಿ ಪರಿವರ್ತಿಸಲು ಸಂಪಾದಕರೇ ಬೇಕಾಗಿತ್ತು. ಆದ್ದರಿಂದ ಇಂತಹ ಸುರುಳಿಗಳ ಮೇಲೆ ವಾದಕರ ಹೆಸರಿನ ಜೊತೆಗೆ ಸಂಪಾದಕರ ಹೆಸರೂ ಇರಬೇಕಿತ್ತೆಂದು ನಾನು ದೃಢವಾಗಿ ನಂಬುತ್ತೇನೆ.