ಪಲ್ಲವಿ ಮುಗಿಯೂತನಕ ತಡಿಯೋ ತಮ್ಮಾ

ಹೊಸ ಹಾಡುಗಳ ಬಗ್ಗೆ ನನಗೆ ಬಲವಾದ ಅಭಿಪ್ರಾಯಗಳಿವೆ. ಎಲ್ಲವೂ ಮೊದಲ ಅರ್ಧ ನಿಮಿಷದ ಬಗ್ಗೆ. ಅದರಾಚೆ ಏನಾಗುತ್ತದೋ ಹಾಡಿದವರಿಗೇ ಗೊತ್ತು. ಯಾಕೆಂದರೆ ನನ್ನ ಕಿವಿಗೆ ಬೀಳುವ ಹೊಸ ಸಂಗೀತವೆಲ್ಲ ಅಕ್ಕನ ಮಗನ ಹೆಬ್ಬೆರಳಿನ ದಯೆ.

ಮೊನ್ನೆ ಒಂದು ಮದುವೆಗೆಂದು ಬಾಗಲಕೋಟೆಯಿಂದ ವಿಜಯಪುರಕ್ಕೆ ಹೊರಟೆವು. ಗಾಡಿ ನನ್ನದು, ಡೀಸೆಲ್ ನನ್ನದು, ಬ್ಲೂಟೂತ್ ಮಾತ್ರ ಅವನದು. ಗದ್ದನಕೇರಿ ಕ್ರಾಸ್ ಬರುವುದರೊಳಗೆ ಒಂದು ರ್‍ಯಾಪ್ ಶುರುವಾಯಿತು. ಹುಡುಗ ನಮ್ಮ ಕಡೆಯ ಮಾತಿನಲ್ಲೇ ಪ್ರಾಸ ಕಟ್ಟಿದ್ದ, ಬೈಗುಳವೂ ತಾಳ ಬಿಟ್ಟಿರಲಿಲ್ಲ. ನನಗೆ ನಿಜಕ್ಕೂ ಹಿಡಿಸಿತು. ಯಾರಿಗೆ ಬೈಯುತ್ತಿದ್ದಾನೆ ಅಂತ ತಿಳಿಯಬೇಕು, ಅಷ್ಟರಲ್ಲಿ ಅಳಿಯನ ಹೆಬ್ಬೆರಳು ಟಪ್. ಆಮೇಲೆ ಹಳೆಯ ಭಾವಗೀತೆಯೊಂದರ 'ಸ್ಲೋಡ್ ಅಂಡ್ ರಿವರ್ಬ್' ಅವತಾರ. ಹಾಡನ್ನು ನಿಧಾನ ಮಾಡಿ ಪ್ರತಿಧ್ವನಿ ಬೆರೆಸುವುದು. ಪ್ರತಿಧ್ವನಿಯೇ ಬೇಕಿದ್ದರೆ ಗೋಳಗುಮ್ಮಟದೊಳಗೆ ನಿಂತು ಕೆಮ್ಮಿದರೂ ಸಾಕು, 17ನೇ ಶತಮಾನದಿಂದ ಆ ಸೌಲಭ್ಯವಿದೆ. ಹಾಗಂತ ಹೇಳಲು ಬಾಯಿ ತೆರೆದೆ. ಟಪ್. ಫ್ಯೂಷನ್ ಒಂದು ಬಂತು. ಗಾಯಕಿ ಮೊದಲ ಸ್ವರ ಷಡ್ಜ ಹಿಡಿದು ನಿಂತಿದ್ದಳಷ್ಟೆ, ಗಿಟಾರಿನವನು ಇನ್ನೂ ಕೈ ಹಚ್ಚಿರಲಿಲ್ಲ. ಟಪ್. ಬರೀ ಷಡ್ಜ ಕೇಳಿ ರಾಗ ಗುರುತಿಸಲು ನಾನೇನು ಗವಾಯಿಯೇ?

"ಒಂದರೆ ಪೂರಾ ಕೇಳೋ ತಮ್ಮಾ."

"ಕೇಳಿದ್ನೆಲ್ರಿ ಮಾಮಾ, ವೈಬ್ ಬರಲಿಲ್ಲ."

"ಪಂಕ್ತಿಗೆ ಕೂತು ಉಪ್ಪಿನಕಾಯಿ ನೀಡೂದ್ರಾಗ ಎದ್ದು ಕೈ ತೊಳಕೊಂಡ್ರ ಅಡಿಗಿ ರುಚಿ ಹೆಂಗ ತಿಳೀತೈತಿ?"

"ಉಪ್ಪಿನಕಾಯಿ ನೋಡಿದ್ರ ಗೊತ್ತಾಗ್ತೈತ್ರಿ."

ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರಷ್ಟೇ ಕೇಳಿದ ಲೆಕ್ಕ. ಈ ಪುಣ್ಯಾತ್ಮ ಬೀಳಗಿ ಕ್ರಾಸ್ ಮುಟ್ಟುವುದರೊಳಗೆ ಎಷ್ಟು ಕಲಾವಿದರ ಹೊಟ್ಟೆಯ ಮೇಲೆ ಹೊಡೆದನೋ! ಈಗಿನವರು ವಾದ್ಯದ ಪೀಠಿಕೆ ಬಿಟ್ಟು ಬಾಯಿ ತೆರೆದವರೇ ಕಿವಿಗೆ ಅಂಟುವ ಹುಕ್ ಲೈನಿಗೆ ಹಾರುವುದು ಇಂಥವರಿಗೆ ಹೆದರಿಯೇ ಇರಬೇಕು. ಹಾಡು ಚಿಕ್ಕದಾದ್ದಕ್ಕೆ ನನ್ನ ತಕರಾರಿಲ್ಲ. ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದೇ ಮೂರು ನಿಮಿಷ ಚಿಲ್ಲರೆ, ಅದರಲ್ಲೇ ದೊಡ್ಡ ದೊಡ್ಡವರು ಹಿಂದೂಸ್ತಾನಿ ಸಂಗೀತದ ಖಯಾಲ್ ಮುಗಿಸಿ ಏಳುತ್ತಿದ್ದರು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಸಣ್ಣ ಹುಡುಗನಿದ್ದಾಗ ಅಂಥ ತಟ್ಟೆಗಳನ್ನು ಕೇಳಿ, ಹಿರಿಯ ಗವಾಯಿಗಳು ಹಾಡಿದ್ದನ್ನು ಹಾಡಿದಂತೆಯೇ ಒಪ್ಪಿಸುತ್ತಿದ್ದರಂತೆ. ಸದ್ಯ, ಆ ಮನೆಯಲ್ಲಿ ನನ್ನ ಅಳಿಯ ಇರಲಿಲ್ಲ.

ನಮ್ಮಪ್ಪ ಧಾರವಾಡ ಆಕಾಶವಾಣಿಯಲ್ಲಿ ಒಂದು ವಚನ ಕೇಳುವ ಆಸೆಗೆ ಪೇಟೆ ಧಾರಣೆ, ರೈತರಿಗೆ ಸಲಹೆ ಎಲ್ಲ ಕೇಳಿಕೊಂಡು ಕೂಡುತ್ತಿದ್ದ. ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳಿದರೆ ನನಗೆ ಇವತ್ತಿಗೂ ಬ್ಯಾಡಗಿ ಮೆಣಸಿನಕಾಯಿ ದರ ನೆನಪಾಗುತ್ತದೆ. ಅಪ್ಪನೂ.

ಕೃಷ್ಣೆಯ ಮೇಲಿನ ಸೇತುವೆ ಉದ್ದ. ಅದನ್ನು ದಾಟುವುದರೊಳಗೆ ಮತ್ತೆ ಆರೇಳು ಹಾಡು ಹೊಳೆಪಾಲಾದವು. ಮೊಸರು ತಿನ್ನಲು ಕೊಲ್ಹಾರದಲ್ಲಿ ನಿಲ್ಲಿಸಿದೆವು. ಗಡಿಗೆಗೆ ಚಮಚ ಹಾಕಿದ್ದೇ ತಡ, ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಬಂದು ನಮ್ಮ ಗಾಡಿಗೆ ಅಡ್ಡ ನಿಂತಿತು. ಪಂಕ್ಚರ್. ಡ್ರೈವರ್ ಇಳಿದ, ಹಾಡು ಇಳಿಯಲಿಲ್ಲ. ಡಿಜೆ ಜಾನಪದ, ಸ್ಪೀಕರಿನ ಹೊಡೆತಕ್ಕೆ ಗಡಿಗೆಯೊಳಗೆ ಮೊಸರಿನ ಕೆನೆ ಅಲುಗುತ್ತಿತ್ತು. ಹಾಡುವವನ ಗಂಟಲನ್ನು ಸ್ವರ ತಿದ್ದುವ ಆಟೋಟ್ಯೂನ್ ತಗಡು ಮಾಡಿಟ್ಟಿತ್ತು, ನಿಜ. ಆದರೆ ಏನು ಕಥೆ! ಒಂದು ಚರಣದಲ್ಲಿ ಜಾತ್ರೆಯಲ್ಲಿ ಬಳೆ ಕೊಡಿಸಿದ. ಮುಂದಿನದರಲ್ಲಿ ಅವಳು ಸರಕಾರಿ ನೌಕರಿಯವನನ್ನು ಕಟ್ಟಿಕೊಂಡಳು. ಕೊನೆಗೆ ಇವನು ಅವಳ ಮನೆ ಮುಂದೆಯೇ ಹಾರ್ನ್ ಹೊಡೆಯುತ್ತ ಕಬ್ಬಿನ ಲೋಡು ಒಯ್ದ. ಟೇಬಲ್ಲಿನ ಮೇಲೆ ಬೆಪ್ಪಗೆ ಮಲಗಿದ್ದ ಮೊಬೈಲನ್ನು ಅಳಿಯನ ಹೆಬ್ಬೆರಳು ಸುಮ್ಮಸುಮ್ಮನೆ ಒತ್ತುತ್ತಲೇ ಇತ್ತು. ಹಾಡು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪೂರಾ ಕೇಳಿದ! ಮುಗಿದ ಮೇಲೆ ಎದ್ದು ಹೋಗಿ "ಅಣ್ಣಾ, ಯಾವ ಹಾಡ್ರಿ ಇದು?" ಎಂದು ಡ್ರೈವರನನ್ನು ಕೇಳಿಕೊಂಡೂ ಬಂದ. ನನಗೆ ಕಣ್ಣು ತುಂಬುವುದೊಂದು ಬಾಕಿ.

ಗಾಡಿ ಹತ್ತಿದವನೇ ಅದನ್ನೇ ಹಚ್ಚಿದ. ಬಳೆ ಇನ್ನೂ ಕೊಡಿಸಿರಲಿಲ್ಲ, ಟಪ್.

"ಯಾಕೋ?"

"ಆಗಳೇ ಕೇಳೇವಲ್ರಿ ಮಾಮಾ."