ಮರಕ್ಕೆ ಮೊಳೆ, ಮೊಬೈಲಿಗೆ ಪಾಠ

ಉದ್ಘಾಟನೆಯ ಫೋಟೊ ನೀವೂ ನೋಡಿರ್ತೀರಿ. ಹಿಂದೆ ಉದ್ಯಾನದ ಮರ, ಮುಂದೆ ಗಣ್ಯರ ಸಾಲು, ನಡುವೆ ಟೇಪು. ಹಾರ ಬಿದ್ದದ್ದು ಮರಕ್ಕಲ್ಲ, ಅದಕ್ಕೆ ಹೊಡೆದ ಕ್ಯೂಆರ್ ಫಲಕಕ್ಕೆ. ಇನ್ನು ಮುಂದೆ ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಜನ ಯಾವ ಗೈಡಿನ ಹಂಗೂ ಇಲ್ಲದೆ, ಮೊಬೈಲ್ ಹಿಡಿದು ಮರದಿಂದ ಮರಕ್ಕೆ ಅಡ್ಡಾಡಿ, ಸ್ಕ್ಯಾನ್ ಮಾಡಿ ಸಸ್ಯಶಾಸ್ತ್ರ ಕಲಿಯಬೇಕು. ಭಾಳ ಛಲೋ ವಿಚಾರ. ಮರಕ್ಕೆ ಬಾಯಿ ಇಲ್ಲ ಎಂಬ ಒಂದು ಕೊರತೆ ಇತ್ತು, ಅದನ್ನೂ ಟೆಂಡರ್ ಕರೆದು ನೀಗಿಸಿದ್ದಾರೆ.

ಮೊದಲು ಸ್ಕ್ಯಾನ್ ಮಾಡುವ ಕ್ರಮ. ಕೋಡಿನ ಅಗಲದ ಹತ್ತು ಪಟ್ಟು ದೂರದಿಂದ ಮೊಬೈಲ್ ಅದನ್ನು ಓದುತ್ತದೆ ಎಂಬುದು ರೂಢಿಯ ಲೆಕ್ಕ. ಮೂರು ಸೆಂಟಿಮೀಟರ್ ಕೋಡ್ ಇದ್ದರೆ ಒಂದಡಿ ಹತ್ತಿರ ಹೋಗಬೇಕು. ಫಲಕ ಇರುವುದು ಎಂಟಡಿ ಮೇಲೆ, ಯಾರೂ ಕಿತ್ತುಕೊಂಡು ಹೋಗಬಾರದಂತೆ. ಹಂಗಾಗಿ ಜ್ಞಾನಾರ್ಥಿಗಳು ಜೋಡಿಯಾಗಿ ಬರುವುದು ಒಳ್ಳೇದು, ಒಬ್ಬ ಬಗ್ಗಿದರೆ ಇನ್ನೊಬ್ಬ ಹೆಗಲೇರಬಹುದು. ಕೋಡಿನ ಸುತ್ತ ಅದರೊಳಗಿನ ನಾಲ್ಕು ಪುಟ್ಟ ಚೌಕುಳಿಯಷ್ಟು ಬಿಳಿ ಜಾಗ ಖಾಲಿ ಬಿಡಬೇಕು, ಇಲ್ಲದಿದ್ದರೆ ಕೋಡ್ ಎಲ್ಲಿ ಶುರು, ಎಲ್ಲಿ ಮುಗೀತು ಎಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಖಾಲಿ ಜಾಗ ಕಂಡರೆ ನಮ್ಮವರಿಗೆ ನಿದ್ದೆ ಬರುವುದಿಲ್ಲ. ಅಲ್ಲಿ ಪ್ರಾಯೋಜಕರ ಹೆಸರು ಕುಂತಿದೆ, ನಟ್ಟನಡುವೆ ಲಾಂಛನ. ಕೋಡ್ ತಯಾರಿಸುವಾಗ ದೋಷ ಸರಿಪಡಿಸಿಕೊಳ್ಳುವ ‘ಎಚ್’ ಮಟ್ಟ ಆರಿಸಿದ್ದರೆ ಸುಮಾರು ಶೇ 30ರಷ್ಟು ಕೆಟ್ಟರೂ ಓದಿಸಿಕೊಳ್ಳುತ್ತದೆ, ‘ಎಲ್’ ಆದರೆ ಶೇ 7 ಅಷ್ಟೇ. ಲಾಂಛನ ತಿಂದು ಉಳಿದದ್ದನ್ನು ಏಪ್ರಿಲ್ ಬಿಸಿಲು ತಿನ್ನುತ್ತದೆ.

ಇದೆಲ್ಲ ದಾಟಿ ಕೋಡ್ ಓದಿಸಿಕೊಂಡಿತು ಅನ್ರಿ. ಕೆಲವು ಕೋಡುಗಳು ನೇರವಾಗಿ ಪುಟಕ್ಕೆ ಹೋಗುವುದಿಲ್ಲ, ನಡುವೆ ಒಂದು ಕಂಪನಿಯ ಕೊಂಡಿ ಹಾದು ಹೋಗುತ್ತವೆ. ಆ ಕೊಂಡಿಗೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಬಾಡಿಗೆ ನಿಂತ ದಿನ ಬೇವಿನ ಮರ ಸ್ಕ್ಯಾನ್ ಮಾಡಿದರೆ ‘ಪುಟ ಲಭ್ಯವಿಲ್ಲ’ ಎಂದು ಬರುತ್ತದೆ. ಮರ ಎದುರಿಗೇ ಇರುತ್ತದೆ. ಸದ್ಯಕ್ಕೆ.

ಈಗ ಮೊಳೆ. ತೊಗಟೆಯ ಬೆನ್ನಿಗೇ ಒಂದು ತೆಳು ಪದರ ಇರುತ್ತದೆ, ಕಾಂಡ ದಪ್ಪಗಾಗುವುದು ಅದರಿಂದ. ಮೊಳೆ ಅದನ್ನೇ ಸೀಳಿಕೊಂಡು ಒಳಗೆ ಇಳಿಯುತ್ತದೆ, ಆ ಗಾಯದಿಂದ ಶಿಲೀಂಧ್ರಕ್ಕೆ ದಾರಿ ಸಿಗುತ್ತದೆ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ, ಕಾಂಡ ಬೆಳೆಯುವುದು ಅಗಲಕ್ಕೆ. ಆದ್ದರಿಂದ ಇವತ್ತು ಹೊಡೆದ ಫಲಕ ಇಪ್ಪತ್ತು ವರ್ಷ ಕಳೆದರೂ ಅದೇ ಎಂಟಡಿಯಲ್ಲಿ ಇರುತ್ತದೆ, ಆದರೆ ಮರ ಅದನ್ನು ಅಂಚಿನಿಂದ ನುಂಗುತ್ತಾ ಬಂದಿರುತ್ತದೆ. ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಫಲಕದ ಎರಡು ತುದಿಗೆ ತಂತಿ ಕಟ್ಟಿ ನಡುವೆ ತುಕ್ಕು ಹಿಡಿಯದ ಸ್ಪ್ರಿಂಗ್ ಹಾಕಿದರೆ ಕಾಂಡದ ಜೊತೆ ಅದೂ ಹಿಗ್ಗುತ್ತದೆ, ವರ್ಷಕ್ಕೊಮ್ಮೆ ಸಡಿಲಿಸಬೇಕು ಅಷ್ಟೇ. ಇನ್ನೂ ಸುಲಭದ್ದೆಂದರೆ ಬುಡದಿಂದ ತುಸು ದೂರ ಒಂದು ಗೂಟ ನೆಟ್ಟು, ಸೊಂಟದ ಎತ್ತರಕ್ಕೆ ಓರೆಯಾಗಿ ಫಲಕ ಕೂರಿಸುವುದು. ಆದರೆ ಗೂಟಕ್ಕೆ ಹಾರ ಹಾಕಿದರೆ ಫೋಟೊ ಛಂದ ಬರುವುದಿಲ್ಲವಲ್ಲ.

ಒಂಟಿತನವಂತೂ ಆ ಫಲಕಕ್ಕೆ ಕಾಡುವುದಿಲ್ಲ. ಧಾರವಾಡದ ಯಾವ ಮರ ಬೇಕಾದರೂ ನೋಡ್ರಿ: ಪಿಡಿಒ ಕೋಚಿಂಗ್, ಹುಡುಗರ ಪಿಜಿ, ಶಸ್ತ್ರಚಿಕಿತ್ಸೆ ಇಲ್ಲದೇ ಮೂಲವ್ಯಾಧಿ ಗುಣ, ಎನ್‌ಎ ಆದ ಪ್ಲಾಟು. ಅವುಗಳ ನಡುವೆ ಇದು ಐದನೇ ಮೊಳೆ. ಕೋಚಿಂಗಿಗೆ ಬರುವ ಹುಡುಗರಿಗೆ ರಾಷ್ಟ್ರೀಯ ಮರ ಆಲ, ರಾಜ್ಯದ ಮರ ಶ್ರೀಗಂಧ ಎಂಬುದು ಬಾಯಿಪಾಠ. ಗಂಧದ ಮರ ತೋರಿಸು ಅಂದರೆ ತಲೆ ಕೆರೆದುಕೊಳ್ಳುತ್ತಾರೆ, ಪ್ರಶ್ನೆಪತ್ರಿಕೆಯಲ್ಲಿ ಅದರ ಎಲೆ ಬರುವುದಿಲ್ಲ.

ಗಂಧ ಅಂದ ಮೇಲೆ ಇನ್ನೊಂದು. ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಗಂಧದ ಫೋಟೊ ಹಾಕಿದರೆ ಅದು ಮರದ ನಿಖರ ಜಾಗ ತೋರಿಸುವುದಿಲ್ಲ. ಅಪಾಯದಲ್ಲಿರುವ ಪ್ರಭೇದಗಳ ಗುರುತನ್ನು ಸುತ್ತಲಿನ ಹತ್ತಿಪ್ಪತ್ತು ಕಿಲೋಮೀಟರ್ ಸೀಮೆಯೊಳಗೆ ಎಲ್ಲೋ ಒಂದು ಕಡೆ ಇಟ್ಟು ಮರೆಸುತ್ತದೆ. ಆ್ಯಪಿಗೆ ಇರುವ ಇಷ್ಟು ಬುದ್ಧಿ ನಮ್ಮ ನಕ್ಷೆ ಮಾಡಿದವರಿಗೆ ಇಲ್ಲದಿದ್ದರೆ, ಗಂಧದ ಮರಕ್ಕೂ ಕೋಡ್ ಅಂಟಿಸಿ, ಜಿಪಿಎಸ್ ಗುರುತು ಕೊಟ್ಟು, ‘ಸ್ವಯಂ ಮಾರ್ಗದರ್ಶಿತ ನಡಿಗೆ’ ಎಂದು ಬರೆದುಬಿಡುತ್ತಾರೆ. ರಾತ್ರಿ ಗರಗಸ ಹಿಡಿದು ನಡೆಯುವವರಿಗೂ ಅನುಕೂಲ.

ಫಲಕದಲ್ಲಿ ಬರೆದದ್ದು ಸರಿ ಇರಬೇಕಲ್ಲ? ಕಂಬದ ಹಾಗೆ ಉದ್ದಕ್ಕೆ ನಿಂತ, ಅಂಚು ಅಲೆಅಲೆಯಾದ ಒಂಟಿ ಎಲೆಯ ಮರಕ್ಕೆ ಊರೂರಲ್ಲಿ ‘ಅಶೋಕ’ ಎಂದು ಬರೆದಿರುತ್ತಾರೆ. ಅದು ಮೊನೂನ್ ಲಾಂಜಿಫೋಲಿಯಮ್. 2012ಕ್ಕೆ ಮೊದಲು ಅದರ ಹೆಸರು ಪಾಲಿಯಾಲ್ಥಿಯಾ ಎಂದಿತ್ತು. ಸೀತೆ ಕುಂತಿದ್ದ ಅಶೋಕವೆಂದರೆ ಸರಾಕಾ ಅಸೋಕಾ. ಅದಕ್ಕೆ ಒಂದೇ ತೊಟ್ಟಿನಲ್ಲಿ ಜೋಡಿ ಜೋಡಿ ಕಿರುಎಲೆ, ಕೊಂಬೆಗೇ ಅಂಟಿದಂಥ ಕಿತ್ತಳೆ–ಕೆಂಪು ಹೂಗೊಂಚಲು. ಮೊದಲಿನದರ ನೆರಳಲ್ಲಿ ಒಂದು ಮೇಕೆಯೂ ಕೂರಲಾರದು, ಸೀತೆಯ ಮಾತು ದೂರ.

ಫಲಕ ನಂಬದವರು ಗಿಡ ಗುರುತಿಸುವ ಆ್ಯಪಿಗೆ ಹೋಗಲಿ. ಪ್ಲಾಂಟ್‌ನೆಟ್ ಒಳ್ಳೆಯದು. ಸೀಕ್ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ, ನೃಪತುಂಗ ಬೆಟ್ಟದ ಮೇಲೆ ಸಿಗ್ನಲ್ ಕೈಕೊಟ್ಟರೂ ಚಿಂತೆ ಇಲ್ಲ. ಸ್ಕೂಟರ್ ಮೇಲೆ ಕುಂತು ಇಡೀ ಮರದ ಫೋಟೊ ಹೊಡೆದರೆ ಯಾವುದೂ ಸರಿ ಹೇಳುವುದಿಲ್ಲ. ಬಿದ್ದ ಒಂದು ಎಲೆಯನ್ನು ಬಿಳಿ ಹಾಳೆ ಮೇಲಿಟ್ಟು ಮುಂಬದಿ, ಹಿಂಬದಿ ಎರಡೂ ತೆಗೀರಿ. ಆಮೇಲೆ ತೊಗಟೆ, ಹೂವು, ಕಾಯಿ, ಒಂದೊಂದರದೂ ಬೇರೆ ಬೇರೆ ಫೋಟೊ. ಕೊಂಬೆಯ ಮೇಲಿನ ಎಲೆಯಾದರೆ, ತೊಟ್ಟಿನ ಬುಡದಲ್ಲಿ ಮೊಗ್ಗು ಇದ್ದರೆ ಅದು ಪೂರಾ ಎಲೆ, ಇಲ್ಲದಿದ್ದರೆ ನೀವು ಹಿಡಿದಿರುವುದು ಕಿರುಎಲೆ. ಬೇವು, ಹೆಬ್ಬೇವು ಅದಲುಬದಲಾಗುವುದು ಇಲ್ಲೇ: ಬೇವಿನ ತೊಟ್ಟು ಒಮ್ಮೆ ಮಾತ್ರ ಕಿರುಎಲೆಗಳಾಗಿ ಒಡೆಯುತ್ತದೆ, ಹೆಬ್ಬೇವಿನದು ಎರಡು ಮೂರು ಸಲ ಕವಲೊಡೆದು ಆಮೇಲೆ ಕಿರುಎಲೆ. ಹೂವಿಲ್ಲದ ದಿನ ಗುಲ್‌ಮೊಹರ್ ಮತ್ತು ಹಳದಿ ಹೂವಿನ ಪೆಲ್ಟೋಫೋರಮ್ ಎರಡನ್ನೂ ಆ್ಯಪ್ ಒಂದೇ ಅಂದೀತು. ಆಗ ಕಾಯಿ ನೋಡ್ರಿ. ಗುಲ್‌ಮೊಹರಿನದು ಮೊಳದುದ್ದದ ಗಟ್ಟಿ ಕಾಯಿ, ಇನ್ನೊಂದರದು ಬೆರಳುದ್ದ, ತಾಮ್ರದ ಬಣ್ಣ, ಚಪ್ಪಟೆ. ಹೆಸರಿನ ಪಕ್ಕ ಶೇ 34 ಎಂದು ತೋರಿಸಿದರೆ ಆ್ಯಪಿಗೇ ಖಾತ್ರಿ ಇಲ್ಲ ಎಂದು ತಿಳೀರಿ. ಅದನ್ನೇ ಫಲಕಕ್ಕೆ ಬರೆಸಬೇಡ್ರಿ.

ಇಷ್ಟು ಕಲಿಯುವುದಕ್ಕೆ ಒಂದು ಮರವಾದರೂ ನೆಟ್ಟಗೆ ನಿಂತಿರಬೇಕು. ಕೋಡ್ ಹೊಡೆದ ಅದೇ ಮರದ ಬುಡಕ್ಕೆ ಪೇವರ್ ಬ್ಲಾಕ್ ತಾಗಿಸಿ ಸಿಮೆಂಟ್ ಮೆತ್ತಿದ್ದಾರೆ. ಬೇರಿಗೆ ನೀರಿಲ್ಲ, ಗಾಳಿಯಿಲ್ಲ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ ದಿಲ್ಲಿಗೆ 2013ರಲ್ಲೇ ಹೇಳಿತ್ತು. ಇಲ್ಲಿ ಆ ಮಾತು ಯಾರಿಗೂ ಕೇಳಿಸಿದ ಹಾಗಿಲ್ಲ. ಕೇಬಲ್ಲಿನವರು ಗುಂಡಿ ತೋಡಿ ಒಂದು ಮಗ್ಗುಲ ಬೇರು ಕಡಿಯುತ್ತಾರೆ, ಲೈನಿನವರು ಮೇಲಿನಿಂದ ಅರ್ಧ ಕೊಂಬೆ ಕಡಿಯುತ್ತಾರೆ. ಮುಂಗಾರಿನ ಮೊದಲ ಗಾಳಿಗೆ ಮರ ಕಾರಿನ ಮೇಲೆ ಬಿದ್ದಾಗ, ಮುದಿ ಮರ ಅಪಾಯಕಾರಿ ಎಂದು ಇದೇ ಜನ ಹೇಳಿಕೆ ಕೊಡುತ್ತಾರೆ. ಹುಬ್ಬಳ್ಳಿ–ಧಾರವಾಡ ರಸ್ತೆ ಬಿಆರ್‌ಟಿಎಸ್ ಬಸ್ಸಿನ ಪಥಕ್ಕೆಂದು ಅಗಲವಾದಾಗ ಹೋದ ಮರಗಳಿಗೆ ಯಾರೂ ಫಲಕ ಹೊಡೆದಿರಲಿಲ್ಲ. ಅವುಗಳ ಹೆಸರು ಬಸ್ಸಿಗೆ ಕಾಯುತ್ತಾ ನೆರಳಲ್ಲಿ ನಿಂತವರಿಗೆ ಗೊತ್ತಿತ್ತು. ಸಾಕಾಗಿದೆ ನಮಗೆ ಈ ಪ್ರಕೃತಿ ಪ್ರೇಮ.

ಇನ್ನೊಂದು ಬಗೆಯ ಗುರುತಿದೆ, ಅದನ್ನು ಓದಲಿಕ್ಕೆ ಆ್ಯಪ್ ಬೇಡ. ಎದೆಮಟ್ಟಕ್ಕೆ ತೊಗಟೆ ಕೆತ್ತಿ ಅಥವಾ ಬಣ್ಣ ಬಳಿದು ಬರೆದ ನಂಬರು. ರಸ್ತೆ ಬದಿಯಲ್ಲಿ ಅದು ಸಾಲಾಗಿ ಕಂಡರೆ ಮರಗಳ ಎಣಿಕೆ ನಡೆದಿದೆ ಎಂದರ್ಥ, ಹೆಚ್ಚಾಗಿ ಕಡಿಯುವುದಕ್ಕೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲಿಕ್ಕೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ರಸ್ತೆಯಂಥ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಗಣಿತ ಬಲ್ಲ ಎಂಜಿನಿಯರಿಗೆ 50 ಬಹಳ ಪ್ರೀತಿಯ ಸಂಖ್ಯೆ ಆಗಿಬಿಡಬಹುದು. ಆದ್ದರಿಂದ ಮುಂದಿನ ಭಾನುವಾರದ ನಡಿಗೆಯಲ್ಲಿ ಮೊಬೈಲಿನಿಂದ ಆ ನಂಬರುಗಳ ಫೋಟೊ ತೆಗೀರಿ, ಮೊದಲನೆಯದರಿಂದ ಕೊನೆಯದರವರೆಗೆ. ತಾರೀಖು ಹಾಕಿ ವೃಕ್ಷಾಧಿಕಾರಿಗೆ ಅರ್ಜಿ ಬರೆದು ಪ್ರಕಟಣೆಯ ಪ್ರತಿ ಕೇಳ್ರಿ, ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಳ್ಳುವುದನ್ನು ಮರೀಬೇಡ್ರಿ.