ತುಂಬಾ ಬ್ರೈಟ್ ಇದ್ದಾನೆ, ಆದರೆ…

ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಮತ್ತೆ ಬ್ಯಾನರ್ ಬಿದ್ದಿದೆ. ‘ಅಡ್ಮಿಷನ್ಸ್ ಓಪನ್’. ಬೆಂಗಳೂರಿನಲ್ಲಿ ಜೂನ್‌ಗೆ ಶುರುವಾಗುವ ಶಾಲೆಗೆ ಹಿಂದಿನ ದೀಪಾವಳಿಗೇ ಬಾಗಿಲು ತೆರೆಯುತ್ತಾರೆ, ಸಂಕ್ರಾಂತಿ ಹೊತ್ತಿಗೆ ಮುಚ್ಚುತ್ತಾರೆ, ಅದು ನಿಮಗೂ ಗೊತ್ತು. ಈ ಸಲದ ಬ್ಯಾನರ್‌ನಲ್ಲಿ ಹೊಸ ಪದ ಸೇರಿದೆ. ಎಸಿ ಬಸ್, ಈಜುಕೊಳ, ರೋಬೋಟಿಕ್ಸ್, ಕುದುರೆ ಸವಾರಿ, ಇನ್‌ಕ್ಲೂಸಿವ್. ಕುದುರೆಯ ಪಕ್ಕದಲ್ಲೇ ಇನ್‌ಕ್ಲೂಸಿವ್, ಅಂದರೆ ಎಲ್ಲ ಥರದ ಮಕ್ಕಳನ್ನೂ ಸೇರಿಸಿಕೊಳ್ಳುತ್ತೇವೆ ಅಂತ. ಕುದುರೆ ನಿಜವಾಗಿಯೂ ಇದೆ, ನಾನು ಕಣ್ಣಾರೆ ನೋಡಿದ್ದೇನೆ.

ಹೇಗೆ ನೋಡಿದೆ ಅಂದರೆ, ಅಕ್ಕ, ಭಾವ, ಅಕ್ಕನ ಮಗ ಮತ್ತು ನಾನು ಹೀಗೆ ಒಂಬತ್ತು ಶಾಲೆ ಸುತ್ತಿದ್ದೇವೆ. ಹುಡುಗನಿಗೆ ಆರೂವರೆ ವರ್ಷ. ಮನೆಯಲ್ಲಿ ಪುಟ್ಟ ಅಂತೀವಿ. ಮೂರು ವರ್ಷಕ್ಕೇ ಯಾರೂ ಹೇಳಿಕೊಡದೆ ಬಸ್ಸಿನ ಬೋರ್ಡು ಓದಲು ಶುರು ಮಾಡಿದ. ಮೆಟ್ರೋ ಪರ್ಪಲ್ ಲೈನಿನ 37 ಸ್ಟೇಷನ್‌ಗಳನ್ನು ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಒಂದೂ ಬಿಡದೆ ಹೇಳುತ್ತಾನೆ, ಕೇಳಿದರೆ ಅದೇ ಸ್ಪೀಡಿನಲ್ಲಿ ವಾಪಸ್ಸೂ ಬರುತ್ತಾನೆ. ಆದರೆ ಹೆಸರು ಕೂಗಿದರೆ ತಿರುಗಿ ನೋಡೋದು ಬಿಡೋದು ಅವನಿಷ್ಟ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗುತ್ತಾನೆ. ಪೆನ್ಸಿಲ್ ಹಿಡಿದು ಬರೆಯೋದು ಅವನಿಗೆ ಶಿಕ್ಷೆ. ಡಾಕ್ಟರು ಆಟಿಸಂ ಅಂದಿದ್ದಾರೆ.

ನೋಡಿ, ನಾನೂ ‘ಆದರೆ’ ಅಂದುಬಿಟ್ಟೆ.

ಒಂಬತ್ತು ಶಾಲೆಗಳೂ ಹೇಳಿದ್ದು ಅದೇ ಪದ. ‘ಹುಡುಗ ತುಂಬಾ ಬ್ರೈಟ್ ಇದ್ದಾನೆ ಮೇಡಂ, ಆದರೆ…’ ಇಷ್ಟು ಮರ್ಯಾದೆಯಾಗಿ ಹೊರಗೆ ಕಳಿಸುವ ವ್ಯವಸ್ಥೆ ಇನ್ನೆಲ್ಲೂ ಇಲ್ಲ. ಬೇರೆ ಕಡೆ ಬಾಗಿಲು ಮುಚ್ಚಿದರೆ ಸದ್ದಾಗುತ್ತದೆ. ಇಲ್ಲಿ ಕೈಗೆ ಜೂಸ್ ಕೊಟ್ಟು, ಮಗುವಿನ ತಲೆ ಸವರಿ, ‘ಸೋ ಸ್ವೀಟ್’ ಅಂದು, ಗೇಟಿನ ತನಕ ಬಂದು ಬಿಟ್ಟುಹೋಗುತ್ತಾರೆ. ಎರಡು ಕಡೆ ನಾವು ಥ್ಯಾಂಕ್ಸ್ ಬೇರೆ ಹೇಳಿ ಬಂದೆವು. ಆಟೋ ಹತ್ತಿದ ಮೇಲೆ ಭಾವ ಕೇಳಿದರು, ‘ಈಗ ಸೀಟು ಸಿಕ್ತೋ ಇಲ್ವೋ?’

ಮೂರನೇ ಶಾಲೆಯದನ್ನು ಹೇಳಲೇಬೇಕು. ಅಲ್ಲಿ ಒಬ್ಬರು ಟೀಚರ್ ಬಣ್ಣದ ಕಾರ್ಡು ಹಿಡಿದು ಕೂತಿದ್ದರು. ಪರ್ಪಲ್ ತೋರಿಸಿ ‘ಇದು ಯಾವ ಕಲರ್?’ ಅಂದರು. ಪುಟ್ಟ ‘ಚಲ್ಲಘಟ್ಟ’ ಅಂದ. ಗ್ರೀನ್ ತೋರಿಸಿದರು. ‘ಮಾದಾವರ.’ ಯೆಲ್ಲೋ ತೋರಿಸಿದರು. ‘ಬೊಮ್ಮಸಂದ್ರ.’ ಮೂರೂ ಆಯಾ ಬಣ್ಣದ ಮೆಟ್ರೋ ಲೈನಿನ ಕೊನೆ ಸ್ಟೇಷನ್. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟೆ. ಟೀಚರ್ ಹಾಳೆಯಲ್ಲಿ ‘ಬಣ್ಣ ಗುರುತಿಸುವುದಿಲ್ಲ’ ಅಂತ ಬರೆದರು. ರೆಡ್ ಕಾರ್ಡು ತೋರಿಸಿದಾಗ ಪುಟ್ಟ ಏನೂ ಹೇಳಲಿಲ್ಲ, ಯಾಕೆಂದರೆ ಆ ಲೈನ್ ಇನ್ನೂ ಓಡುತ್ತಿಲ್ಲ. ‘ಪ್ರಶ್ನೆಗೆ ಉತ್ತರಿಸುವುದಿಲ್ಲ’ ಅಂತ ಅದನ್ನೂ ಬರೆದರು. ಮೆಟ್ರೋ ಕಾಮಗಾರಿ ತಡವಾದರೆ ಅದು ಒಂದನೇ ಕ್ಲಾಸಿನ ಸೀಟಿಗೂ ಕುತ್ತು ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಇದು ಇಂಟರ್‌ವ್ಯೂ ಅಲ್ಲ. ತಪ್ಪು ತಿಳಿಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಸೀಟು ಕೊಡುವ ಹಾಗಿಲ್ಲ. ಮೊದಲ ಸಲಕ್ಕೆ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. ಅದಕ್ಕೇ ಎಲ್ಲರೂ ಕಾನೂನಿಗೆ ತಲೆಬಾಗಿ ಇಂಟರ್‌ವ್ಯೂ ನಿಲ್ಲಿಸಿದ್ದಾರೆ. ಈಗ ‘ಇಂಟರ್‌ಆ್ಯಕ್ಷನ್’ ಮಾಡುತ್ತಾರೆ. ಕುರ್ಚಿ ಅದೇ, ಕಾರ್ಡು ಅದೇ, ಅಮ್ಮನ ಎದೆ ಹೊಡೆದುಕೊಳ್ಳೋದೂ ಅದೇ. ಒಂದು ವರ್ಷದ ಯೂನಿಫಾರ್ಮು, ಪುಸ್ತಕ, ವ್ಯಾನ್ ಫೀಸು ಕೂಡಿಸಿದರೆ ಆ 25 ಸಾವಿರ ಎಲ್ಲಿಗೆ ಸಾಲುತ್ತದೆ ಹೇಳಿ.

ಅಷ್ಟಾವಕ್ರನ ಕಥೆ ನೆನಪಾಗುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಅಪ್ಪನ ವೇದಪಾಠದಲ್ಲಿ ತಪ್ಪು ಹಿಡಿದ ಹುಡುಗ ಅವನು. ಈಗಿನ ರಿಪೋರ್ಟಿನಲ್ಲಿ ‘ದೊಡ್ಡವರ ಮಾತಿಗೆ ಅಡ್ಡ ಬರುತ್ತಾನೆ’ ಅಂತ ಬರುತ್ತಿತ್ತು. ಅಪ್ಪನಿಗೆ ಸಿಟ್ಟು ಬಂದು ಶಾಪ ಕೊಟ್ಟ, ಮಗು ಎಂಟು ಕಡೆ ಡೊಂಕಾಗಿ ಹುಟ್ಟಿತು. (ಮಗು ಹೀಗಾಗಿದ್ದಕ್ಕೆ ಮನೆಯವರು ಏನು ಮಾಡಿದರು ಅಂತ ಕೇಳುವ ಚಾಳಿ ಆಗಿಂದಲೂ ಇದೆ. ನಮ್ಮ ಅಕ್ಕನಿಗೂ ಕೇಳಿದ್ದಾರೆ, ಗ್ರಹಣದಲ್ಲಿ ಹೊರಗೆ ಬಂದಿದ್ರಾ ಅಂತ.) ಹುಡುಗ ದೊಡ್ಡವನಾಗಿ ಜನಕನ ಆಸ್ಥಾನಕ್ಕೆ ವಾದ ಮಾಡಲು ಹೋದರೆ ಬಾಗಿಲು ಕಾಯುವವನು ತಡೆದ. ವಯಸ್ಸಾದ ಪಂಡಿತರಿಗೆ ಮಾತ್ರ ಪ್ರವೇಶ, ಹುಡುಗರಿಗಿಲ್ಲ ಅಂದ. ಹುಡುಗ ಅಲ್ಲೇ ನಿಂತು ವಾದ ಮಾಡಿ ಒಳಗೆ ಹೋದ, ಬಂದಿ ಅನ್ನುವ ಮಹಾಪಂಡಿತನ ಜೊತೆ ಒಂದರಿಂದ ಶುರು ಮಾಡಿ ಸಂಖ್ಯೆಗಳ ಮೇಲೇ ವಾದಕ್ಕೆ ನಿಂತ. ಹದಿಮೂರಕ್ಕೆ ಬರುವ ಹೊತ್ತಿಗೆ ಬಂದಿ ತಡವರಿಸಿದ. ಹುಡುಗ ಮುಂದುವರಿಸಿ ಗೆದ್ದ. ನನಗೆ ಇಡೀ ಕಥೆಯಲ್ಲಿ ಇಷ್ಟವಾಗೋದು ಆ ಬಾಗಿಲು ಕಾಯುವವನೇ. ಪಾಪ, ತಪ್ಪಾಗಿ ತಡೆದ ನಿಜ, ಆದರೆ ವಾದ ಕೇಳಿ ಬಿಟ್ಟ. ಈಗ ಆ ಕೆಲಸಕ್ಕೆ ‘ಅಡ್ಮಿಷನ್ ಕೌನ್ಸೆಲರ್’ ಅಂತ ಹೆಸರು. ಅವರು ವಾದ ಕೇಳುವುದಿಲ್ಲ, ‘ವಿ ವಿಲ್ ಗೆಟ್ ಬ್ಯಾಕ್ ಟು ಯು’ ಅನ್ನುತ್ತಾರೆ.

ಪುರಾಣ ಬೇಡ ಅನ್ನುವವರು ಗದಗಿಗೆ ಹೋಗಿ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಆ ಶಿಷ್ಯರಿಗೆ 2010ರಲ್ಲಿ ಪದ್ಮಭೂಷಣ ಬಂತು. ಮೂರನೇ ಶಾಲೆಯ ಕಾರ್ಡಿನ ಮುಂದೆ ಕೂರಿಸಿದ್ದರೆ ಅವರದ್ದೂ ‘ಬಣ್ಣ ಗುರುತಿಸುವುದಿಲ್ಲ’.

ಸರಿ, ಮಾಮೂಲಿ ಶಾಲೆ ಬೇಡ, ಸ್ಪೆಷಲ್ ಸ್ಕೂಲೇ ನೋಡೋಣ ಅಂತ ಹೋದೆವು. ಅವರು ಒಂದು ಗಂಟೆ ಪುಟ್ಟನ ಜೊತೆ ಕೂತರು. ನಿಜಕ್ಕೂ ಒಳ್ಳೆಯ ಜನ. ಕೊನೆಗೆ ಏನಂದರು ಗೊತ್ತಾ? ‘ಇವನು ತುಂಬಾ ಬ್ರೈಟ್. ಇಲ್ಲಿ ಕೂರಿಸಿದರೆ ಅವನಿಗೇ ಅನ್ಯಾಯ. ರೆಗ್ಯುಲರ್ ಶಾಲೆಗೆ ಹಾಕಿ.’ ರೆಗ್ಯುಲರ್ ಶಾಲೆ ಸ್ಪೆಷಲ್‌ಗೆ ಹಾಕಿ ಅನ್ನುತ್ತದೆ, ಸ್ಪೆಷಲ್ ಶಾಲೆ ರೆಗ್ಯುಲರ್‌ಗೆ ಹಾಕಿ ಅನ್ನುತ್ತದೆ. ಹುಡುಗ ಬುದ್ಧಿವಂತನಾಗಿದ್ದೇ ತಪ್ಪಾಯಿತು. ಸ್ವಲ್ಪ ಕಮ್ಮಿ ಬುದ್ಧಿ ಇದ್ದಿದ್ದರೆ ಒಂದು ಕಡೆ ಸೀಟು ಗ್ಯಾರಂಟಿ, ಸ್ವಲ್ಪ ಕಮ್ಮಿ ಆಟಿಸಂ ಇದ್ದಿದ್ದರೆ ಇನ್ನೊಂದು ಕಡೆ.

ಆಟಿಸಂ ಎಷ್ಟಿದೆ ಅಂತ ಅಳೆಯೋಕೂ ಲೆಕ್ಕ ಇದೆ. 40 ಪ್ರಶ್ನೆಗಳ ಪಟ್ಟಿ, ಅದಕ್ಕೆ ಅಂಕ, ಅಂಕದಿಂದ ಶೇಕಡಾವಾರು. ಸರ್ಟಿಫಿಕೇಟಿನಲ್ಲಿ ಶೇ 40 ಬಂದರೆ ಮಾತ್ರ ಸರ್ಕಾರದ ಸವಲತ್ತು ಹೆಚ್ಚಿನವು ಸಿಗುತ್ತವೆ. ನಾನು ಓದುವಾಗ ಎಸ್ಸೆಸ್ಸೆಲ್ಸಿ ಸಬ್ಜೆಕ್ಟ್ ಪಾಸಾಗೋಕೆ 35 ಸಾಕಿತ್ತು, ಇಲ್ಲಿ ಐದು ಜಾಸ್ತಿ. ಪುಟ್ಟ ಸರಿಯಾಗಿ 40ಕ್ಕೆ ಜಸ್ಟ್ ಪಾಸ್. ಸುದ್ದಿ ಕೇಳಿ ಭಾವ ನಕ್ಕರು, ಆಮೇಲೆ ಎದ್ದು ಬಾಲ್ಕನಿಗೆ ಹೋದರು.

ಹೆಸರಿನ ವಿಷಯದಲ್ಲಿ ಮಾತ್ರ ನಮ್ಮ ದೇಶ ಯಾವತ್ತೂ ಹಿಂದೆ ಬಿದ್ದಿಲ್ಲ. ಅಂಗವಿಕಲರು ಅಂತಿದ್ದೆವು, ಅದು ಒರಟಾಯಿತು ಅಂತ ವಿಕಲಚೇತನರು ಅಂದೆವು, ಅದೂ ಸಾಲದೆ ವಿಶೇಷಚೇತನರು, ದೆಹಲಿಯಿಂದ ದಿವ್ಯಾಂಗರು ಬಂತು. ಒಂದೊಂದು ಹೆಸರು ಬದಲಾದಾಗಲೂ ಬೋರ್ಡು ಬರೆಯುವವರಿಗೆ ಕೆಲಸ ಸಿಕ್ಕಿದೆ. ಪಟ್ಟಿಯೂ ಬೆಳೆದಿದೆ, 1995ರ ಕಾಯ್ದೆಯಲ್ಲಿ ಏಳು ಬಗೆ ಇದ್ದದ್ದು 2016ರ ಕಾಯ್ದೆಯಲ್ಲಿ 21 ಆಯಿತು, ಆಟಿಸಂ ಕೂಡ ಒಳಗೆ ಬಂತು. ಸರ್ಕಾರದ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆರನೇ ಶಾಲೆಯ ಪ್ರಿನ್ಸಿಪಾಲರಿಗೆ ಭಾವ ಇದನ್ನು ಹೇಳಿದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ನಮ್ಮಲ್ಲಿ ರ‍್ಯಾಂಪ್ ಇದೆ ಸರ್’ ಅಂದರು. ಹೋಗಿ ನೋಡಿದೆವು. ಇದೆ. ಅದರ ಮೇಲೆ ಸ್ಟಾಫಿನ ನಾಲ್ಕು ಸ್ಕೂಟರ್ ನಿಂತಿದ್ದವು. ಪುಟ್ಟನಿಗೆ ರ‍್ಯಾಂಪ್ ಯಾಕೆ, ಅವನು ಇಡೀ ಕಾಂಪೌಂಡ್ ಹಾರುತ್ತಾನೆ.

ಏಳನೇ ಶಾಲೆ ಇನ್ನೂ ಚೆನ್ನಾಗಿ ಹೇಳಿತು. ‘ನಮ್ಮಲ್ಲಿ ಒಂದು ಸೆಕ್ಷನ್‌ಗೆ ಇಂಥ ಮಗು ಒಂದೇ ಸರ್, ಆಗಲೇ ಫುಲ್ ಆಗಿದೆ.’ 2021ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು ಅಂದಿತು. ಶಾಲೆಯವರು ಗಣಿತದಲ್ಲಿ ಹುಷಾರು. ಹತ್ತಕ್ಕೆ ಒಬ್ಬರು ಅಂದರೆ ಸೊನ್ನೆಗೆ ಸೊನ್ನೆ.

ಎಂಟನೆಯವರು ಸೇರಿಸಿಕೊಳ್ಳಲು ಒಪ್ಪಿದರು. ಕಂಡೀಷನ್ ಮೇಲೆ. ಕ್ಲಾಸಿನಲ್ಲಿ ಹುಡುಗನ ಪಕ್ಕದಲ್ಲೇ ಕೂತು ನೋಡಿಕೊಳ್ಳುವ ಶ್ಯಾಡೋ ಟೀಚರನ್ನು ನಾವೇ ತರಬೇಕು, ಸಂಬಳ ನಾವೇ ಕೊಡಬೇಕು, ಆಕೆ ರಜೆ ಹಾಕಿದ ದಿನ ಹುಡುಗನಿಗೂ ರಜೆ. ಶಾಲೆಯ ಪೂರ್ತಿ ಫೀಸು ಬೇರೆ. ಜೊತೆಗೆ ಒಂದು ಬಾಂಡ್ ಪೇಪರ್, ಹುಡುಗ ‘ಹೊಂದಿಕೊಳ್ಳದಿದ್ದರೆ’ ಯಾವಾಗ ಬೇಕಾದರೂ ಕರೆದುಕೊಂಡು ಹೋಗುತ್ತೇವೆ ಅಂತ. ಅಕ್ಕ ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟಿದ್ದಾಳೆ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಅಂತ ವಾರಕ್ಕೆ ಐದು ದಿನ ಓಡಾಡುತ್ತಾಳೆ. ಆ ಪೇಪರ್ ಓದಿ ಪೆನ್ನು ಕೆಳಗಿಟ್ಟಳು. ಇದರಲ್ಲಿ ನಗೋಕೆ ಏನಿದೆ ಅಂತ ನಾನೂ ಹುಡುಕಿದೆ, ಸಿಗಲಿಲ್ಲ. ಆರು ವರ್ಷದ ಮಗುವನ್ನು ಒಳಗೆ ಬಿಡುವ ಮೊದಲೇ ಹೊರಗೆ ಕಳಿಸುವ ಕಾಗದಕ್ಕೆ ಅವರಮ್ಮನ ಸಹಿ ಕೇಳುತ್ತೀರಲ್ಲ, ನಾಚಿಕೆ ಆಗಲ್ವಾ? ಏಪ್ರಿಲ್ 2ಕ್ಕೆ, ಆಟಿಸಂ ಜಾಗೃತಿ ದಿನ ಅಂತ, ನೀಲಿ ಟೀ ಶರ್ಟ್ ಹಾಕಿ ಫೋಟೋ ತೆಗೆಸಿಕೊಳ್ಳುವವರೂ ನೀವೇ.

ಒಂಬತ್ತನೆಯದು ಮನೆ ಹತ್ತಿರದ ಸರ್ಕಾರಿ ಶಾಲೆ. ಬ್ಯಾನರ್ ಇಲ್ಲ, ಕುದುರೆ ಇಲ್ಲ. ಟೀಚರ್ ಕಾರ್ಡು ತೋರಿಸಲಿಲ್ಲ. ‘ಕಳಿಸಿ ಸರ್, ಬೇಡ ಅನ್ನೋಕೆ ನಾನ್ಯಾರು’ ಅಂದರು. ‘ಆದರೆ ಸುಳ್ಳು ಹೇಳಲ್ಲ, ನಾನೊಬ್ಬಳೇ ಇದ್ದೀನಿ, ನಲಿಕಲಿ ಅಂತ ಒಂದು ಎರಡು ಮೂರು ಮೂರೂ ಕ್ಲಾಸು ಒಟ್ಟಿಗೆ.’ ನಲಿಕಲಿಯಲ್ಲಿ ಪ್ರತಿ ಮಗು ತನ್ನ ಸ್ಪೀಡಿನಲ್ಲಿ ಕಲಿಕೆಯ ಏಣಿ ಹತ್ತುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಕುದುರೆ ಇಟ್ಟ ಶಾಲೆ ಇದನ್ನೇ ‘ಪರ್ಸನಲೈಸ್ಡ್ ಲರ್ನಿಂಗ್’ ಅಂತ ಲಕ್ಷಗಟ್ಟಲೆಗೆ ಮಾರುತ್ತದೆ. ಪುಟ್ಟ ಆ ಟೀಚರ್ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಪೂರ್ತಿ ಓದಿ ಮುಗಿಸಿದ. ಆಕೆ ತಡೆಯಲಿಲ್ಲ. ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ. ಮೂರು ಕ್ಲಾಸಿನ ಗಲಾಟೆಯಲ್ಲಿ ಅವನು ಮೇಜಿನ ಕೆಳಗೆ ಸೇರಿಕೊಂಡರೆ ಆಕೆ ಒಬ್ಬರೇ ಏನು ಮಾಡುತ್ತಾರೆ ಅನ್ನೋ ಭಯ. ಅದು ಆ ಟೀಚರ್ ತಪ್ಪಲ್ಲ.

ಸೋಮವಾರ ಹತ್ತನೆಯ ಶಾಲೆಯಲ್ಲಿ ಇಂಟರ್‌ಆ್ಯಕ್ಷನ್ ಇದೆ. ಅರ್ಜಿ ಫೀಸು ಸಾವಿರ, ವಾಪಸ್ ಇಲ್ಲ. ಬಣ್ಣ ಕೇಳಿದರೆ ಬಣ್ಣಾನೇ ಹೇಳಬೇಕು ಅಂತ ಅಕ್ಕ ನಿನ್ನೆಯಿಂದ ಕಾರ್ಡು ಹಿಡಿದು ಕೂತಿದ್ದಾಳೆ. ಪುಟ್ಟ ‘ಪರ್ಪಲ್’ ಅನ್ನುತ್ತಾನೆ. ಸ್ವಲ್ಪ ಹೊತ್ತು ಅಮ್ಮನ ಮುಖ ನೋಡುತ್ತಾನೆ. ಆಮೇಲೆ ತಡೆಯಲಾರದೆ, ಮೆತ್ತಗೆ, ‘ಚಲ್ಲಘಟ್ಟ’.